ಒಳಗಿನಿಂದ ಹಾಕುವ ಚಿಲಕ

ನನ್ನ ಸೋದರಮಾವನವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದರು. ಬೇಸಗೆಯ ರಜ ಬಂದಿತೆಂದರೆ ನಾವು ಮಕ್ಕಳೆಲ್ಲ ಅವರ ಕ್ವಾರ್ಟರ್ಸಿನಲ್ಲಿ ಬೀಡುಬಿಡುತ್ತಿದ್ದೆವು. ಅದು ಒಂಟಿಹಳಿಯ ಮಾರ್ಗ. ದಿನಕ್ಕೆ ಐದಾರು ಗಾಡಿಗಳು. ನಮ್ಮ ಪಾಲಿಗೆ ಅಲ್ಲಿನ ದೊಡ್ಡ ವಿನೋದವೆಂದರೆ ಟೋಕನ್ ಬದಲಾಯಿಸುವುದನ್ನು ನೋಡುವುದು. ಬೆತ್ತದ ಒಂದು ದೊಡ್ಡ ಬಳೆ, ಬಳೆಗೊಂದು ತೊಗಲಿನ ಚೀಲ, ಚೀಲದೊಳಗೆ ಲೋಹದ ಒಂದು ಗುಂಡು. ನಿಲ್ಲದೆ ಹೋಗುವ ಗಾಡಿಯ ಎಂಜಿನ್ನಿನಿಂದ ಹಳೆಯ ಬಳೆ ಪ್ಲಾಟ್‌ಫಾರಮ್ಮಿಗೆ ಬಂದು ಬೀಳುತ್ತಿತ್ತು. ಕೆಳಗೆ ನಿಂತವನು ಎತ್ತಿಹಿಡಿದ ಹೊಸ ಬಳೆಯನ್ನು ಮೇಲಿನವನು ಕೈಚಾಚಿ ತೋಳಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದನು. ಆ ಗುಂಡು ಯಾರ ಬಳಿ ಇದೆಯೋ ಮುಂದಿನ ನಿಲ್ದಾಣದವರೆಗಿನ ಹಳಿ ಅವನದು. ಗುಂಡುಗಳನ್ನು ಇಡುವ ಒಂದು ಯಂತ್ರ ಮಾವನವರ ಕೋಣೆಯಲ್ಲಿ. ಅದರ ಜೊತೆಯದು ಮುಂದಿನ ನಿಲ್ದಾಣದಲ್ಲಿ. ಎರಡಕ್ಕೂ ತಂತಿಯ ನಂಟು. ಒಂದು ಗುಂಡು ಹೊರಗೆ ಹೋಯಿತೆಂದರೆ, ಅದು ಎರಡರಲ್ಲೊಂದು ಯಂತ್ರದ ಹೊಟ್ಟೆಗೆ ಮರಳಿ ಬೀಳುವವರೆಗೂ ಇನ್ನೊಂದು ಗುಂಡು ಎರಡು ಕಡೆಯಲ್ಲಿಯೂ ಹೊರಬಾರದು.

"ಮಾವ, ದಾರಿ ಖಾಲಿ ಇದೆಯೋ ಇಲ್ಲವೋ ಫೋನಿನಲ್ಲಿ ಕೇಳಿದರೆ ಸಾಲದೆ? ಗುಂಡು ಏತಕ್ಕೆ?" ಎಂದು ನಾನೊಮ್ಮೆ ಕೇಳಿದೆನು.

"ಖಾಲಿ ಇದೆ ಅಂತ ಅವನು ನೋಡಿದ್ದು ಆಗ ಕಣೋ. ಗಾಡಿ ಹೊರಡೋದು ಈಗ. ಮಧ್ಯದಲ್ಲಿ ಏನಾಯ್ತು ಅಂತ ಯಾರಿಗೆ ಗೊತ್ತು?" ಎಂದರು ಮಾವ.

ಈ ಪ್ರಶ್ನೆಗೆ ಇತಿಹಾಸದಲ್ಲಿ ರಕ್ತದ ಉತ್ತರವಿದೆ. 1874ರ ಸೆಪ್ಟೆಂಬರ್ 10ರ ರಾತ್ರಿ ಇಂಗ್ಲೆಂಡಿನ ನಾರಿಚ್ ಪಟ್ಟಣದ ಬಳಿ ಥಾರ್ಪ್ ಎಂಬಲ್ಲಿ, ಒಂಟಿಹಳಿಯ ಮೇಲೆ ಎರಡು ಗಾಡಿಗಳು ಎದುರುಬದುರಾಗಿ ಬಂದು ಡಿಕ್ಕಿ ಹೊಡೆದು 25 ಮಂದಿ ಸತ್ತರು. ಅಂದು ಗಾಡಿ ಬಿಡುವ ಅಪ್ಪಣೆಯೆಲ್ಲ ತಂತಿಸಂದೇಶದ ಮೂಲಕ. ಆ ಕಡೆಯ ಮೇಲ್ ಗಾಡಿಯನ್ನು ಬಿಡಬಹುದೆಂದು ತಂತಿ ಹೋಯಿತು. ಅಷ್ಟರಲ್ಲಿ ಈ ಕಡೆಯಿಂದ ತಡವಾಗಿ ಬಂದ ಎಕ್ಸ್‌ಪ್ರೆಸ್ ಗಾಡಿಯೂ ಹೊರಟಿತು. ಆ ದುರಂತದ ತರುವಾಯ ಎಡ್ವರ್ಡ್ ಟೈಯರ್ ಎಂಬುವರು ರೂಪಿಸಿದ ವಿದ್ಯುತ್ ಯಂತ್ರವೇ ನಮ್ಮ ಮಾವನವರ ಗುಂಡಿನ ಯಂತ್ರಕ್ಕೆ ಹಿರಿಯಜ್ಜ.

ಇದೆಲ್ಲ ನನಗೆ ಮತ್ತೆ ನೆನಪಾದುದು ನನ್ನ ಭಾವಮೈದನಿಂದ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು. ಆಪರೇಟಿಂಗ್ ಸಿಸ್ಟಂ ಎಂಬ ಮೂಲ ತಂತ್ರಾಂಶದಲ್ಲಿ ಜಾಲಸಂಪರ್ಕದ ಭಾಗವನ್ನು ನೋಡಿಕೊಳ್ಳುವವನು. ಕಳೆದ ತಿಂಗಳು ನಮ್ಮಲ್ಲಿಗೆ ಬಂದಿದ್ದಾಗ ಎರಡು ರಾತ್ರಿ ನಿದ್ದೆಗೆಟ್ಟು ಕೆಲಸ ಮಾಡಿದನು. ಅಕ್ಕನಿಂದ ಬೈಸಿಕೊಂಡನು. ಮೂರನೆಯ ದಿನ ಬೆಳಿಗ್ಗೆ ನಾನು, "ಏನಪ್ಪಾ, ಎಷ್ಟು ಬರೆದೆ?" ಎಂದು ಕೇಳಿದರೆ, "ಬರೆದದ್ದು ಏನೂ ಇಲ್ಲ ಭಾವ. ಒಂದು ಸಾಲನ್ನು ಒಂದು ಸಾಲು ಕೆಳಕ್ಕೆ ಇಳಿಸಿದೆ" ಎಂದನು.

ನಾನು ನಕ್ಕುಬಿಟ್ಟೆ. ಎರಡು ರಾತ್ರಿಗೆ ಒಂದು ಸಾಲು! ಅದೂ ಹೊಸದಲ್ಲ, ಹಳೆಯ ಸಾಲನ್ನು ಕೆಳಕ್ಕೆ ಇಳಿಸುವುದು! ನಮ್ಮಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿ ಹೀಗೆಂದರೆ ನಾನು ಸುಮ್ಮನಿರುತ್ತಿರಲಿಲ್ಲ. ಆದರೆ ಅವನು ಆ ಸಾಲಿನ ಕಥೆಯನ್ನು ಬಿಡಿಸಿ ಹೇಳಿದ ಮೇಲೆ ನಗು ನಿಂತಿತು. ಕನ್ನಡ ಓದಿಸುವವನಿಗೆ ಎಷ್ಟು ದಕ್ಕಿತೋ ಅಷ್ಟನ್ನು ಓದುಗರ ಮುಂದಿಡುತ್ತೇನೆ.

ಮೊದಲು ನಮ್ಮ ಮನೆಯದೇ ಒಂದು ಸಂಗತಿ. ಅಡಿಗೆಮನೆಯ ಕಪಾಟಿನಲ್ಲಿ ಖರ್ಚಿನ ಹಣವಿಡುವ ಡಬ್ಬಿಯೊಂದಿದೆ. ಅದರೊಳಗೆ ಉಳಿಕೆ ಎಷ್ಟೆಂದು ಬರೆದ ಚೀಟಿ. ಒಂದು ದಿನ ಚೀಟಿಯಲ್ಲಿ 2000 ಎಂದಿತ್ತು. ನನ್ನ ಹೆಂಡತಿ ಅದನ್ನು ನೋಡಿ 300 ತೆಗೆದುಕೊಂಡಳು. 1700 ಎಂದು ಬರೆಯಬೇಕು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಕರೆದರು. ಅವಳು ಅತ್ತ ಹೋದ ಹೊತ್ತಿಗೆ ನಾನು ಬಂದೆ. ಚೀಟಿಯಲ್ಲಿ 2000. ನಾನು 500 ತೆಗೆದುಕೊಂಡು 1500 ಎಂದು ಬರೆದು ಕಾಲೇಜಿಗೆ ಹೊರಟೆ. ಅವಳು ಹಿಂದಿರುಗಿ ಬಂದು, ತಲೆಯಲ್ಲಿದ್ದ ಲೆಕ್ಕದಂತೆ ಹೊಸ ಚೀಟಿಯಲ್ಲಿ 1700 ಎಂದು ಬರೆದು ಹಳೆಯದನ್ನು ಹರಿದೆಸೆದಳು. ಸಂಜೆ ಎಣಿಸಿದರೆ ಡಬ್ಬಿಯಲ್ಲಿ 1200 ಮಾತ್ರ. ಐದು ನೂರು ಎಲ್ಲಿ?

ಹೇಳಲು ನಾಚಿಕೆಯಾಗುತ್ತದೆ. ಬಾಯಿಬಿಟ್ಟು ಆಡದಿದ್ದರೂ ಆ ಸಂಜೆ ಮತ್ತು ಮರುದಿನ ಬೆಳಿಗ್ಗೆ ನಾವಿಬ್ಬರೂ ಮನೆಗೆಲಸಕ್ಕೆ ಬರುವ ಹೆಂಗಸನ್ನು ಬೇರೆ ಕಣ್ಣಿನಿಂದ ನೋಡಿದೆವು. ಲೆಕ್ಕ ಕೂಡಿಬಂದುದು ಮಧ್ಯಾಹ್ನದ ಊಟದ ಹೊತ್ತಿಗೆ. ನಾನೂ ತಪ್ಪು ಬರೆದಿರಲಿಲ್ಲ, ಅವಳೂ ತಪ್ಪು ಬರೆದಿರಲಿಲ್ಲ. ಒಬ್ಬೊಬ್ಬರೇ ಬಂದಿದ್ದರೆ ಇಬ್ಬರ ಲೆಕ್ಕವೂ ಸರಿಯೇ. ಒಬ್ಬರ ನೋಟಕ್ಕೂ ಅವರ ಬರವಣಿಗೆಗೂ ನಡುವೆ ಇನ್ನೊಬ್ಬರು ನುಸುಳಿದುದೇ ತಪ್ಪು.

ಇಂಗ್ಲಿಷಿನಲ್ಲಿ ಇದಕ್ಕೆ ರೇಸ್ ಕಂಡಿಷನ್ ಎಂದು ಹೆಸರು. 'ಸ್ಪರ್ಧಾಸ್ಥಿತಿ' ಎಂದರೆ ಕುದುರೆಪಂದ್ಯದ ವಾಸನೆ ಹೊಡೆಯುತ್ತದೆ. ನನಗೆ ತೋರುವಂತೆ ನಮ್ಮ 'ನಾ ಮುಂದು ತಾ ಮುಂದು' ಎಂಬ ಮಾತೇ ಇದಕ್ಕೆ ಹತ್ತಿರ. ಆದರೆ ಇಲ್ಲಿ ನುಗ್ಗುವವರಿಗೆ ತಾವು ನುಗ್ಗುತ್ತಿದ್ದೇವೆಂಬ ಅರಿವು ಇರುವುದಿಲ್ಲ. ಇದರ ಕೇಡು ಐದು ನೂರು ರೂಪಾಯಿಗೇ ಮುಗಿಯುವುದಿಲ್ಲ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಕೆನಡದ ಒಂಟೇರಿಯೊದಲ್ಲಿಯೂ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕುಳಿತರು. ಮರಕ್ಕೆ ತಾಗಿದ ತಂತಿಗಳೇ ಮೊದಲಾಗಿ ಅದಕ್ಕೆ ಕಾರಣಗಳು ಹಲವು. ಆದರೆ ಒಹಾಯೋ ಪ್ರಾಂತದ ಒಂದು ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆಯ ಗಂಟೆ ಬಾರಿಸಬೇಕಾಗಿದ್ದ ಕಂಪ್ಯೂಟರ್ ಮೂಕವಾಗಿತ್ತು. ಮೂಕವಾಗಿದೆ ಎಂಬುದೇ ಒಂದು ಗಂಟೆಗೂ ಮಿಕ್ಕಿ ಅಲ್ಲಿನವರಿಗೆ ತಿಳಿಯಲಿಲ್ಲ. ಎರಡು ಕೆಲಸಗಳು ಒಂದೇ ಲೆಕ್ಕಪಟ್ಟಿಗೆ ಒಂದೇ ಗಳಿಗೆಯಲ್ಲಿ ಕೈಯಿಟ್ಟುದು ಆ ಮೂಕತನದ ಮೂಲವೆಂದು ವಾರಗಟ್ಟಲೆ ಹುಡುಕಿದ ಮೇಲೆ ಕಂಡುಬಂದಿತು.

ಈಗ ಭಾವಮೈದನ ಕಾರ್ಯಕ್ಷೇತ್ರಕ್ಕೆ ಬರೋಣ. ನಮ್ಮ ಕೈಯ ಫೋನಿಗೆ ಬರುವ ಪತ್ರವಾಗಲಿ ಚಿತ್ರವಾಗಲಿ ಇಡಿಯಾಗಿ ಬರುವುದಿಲ್ಲ. ಸಣ್ಣಸಣ್ಣ ಪ್ಯಾಕೆಟ್ಟುಗಳಾಗಿ ಬರುತ್ತದೆ. ಪ್ಯಾಕೆಟ್ಟು ಬಂದೊಡನೆ ಜಾಲದ ಯಂತ್ರಭಾಗವು ಕರೆಗಂಟೆ ಒತ್ತಿದ ಹಾಗೆ ಸೂಚನೆ ಕೊಡುತ್ತದೆ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಎದ್ದು, ಪ್ಯಾಕೆಟ್ಟನ್ನು ಒಳಗೆ ತೆಗೆದುಕೊಂಡು, ಅದು ಯಾರಿಗೆ ಬಂದುದೆಂದು ನೋಡಿ, ಅವರ ಸಾಕೆಟ್ಟಿನಲ್ಲಿ ಸಾಲಾಗಿ ಇಡುತ್ತದೆ. ಸಾಕೆಟ್ ಎಂದರೆ ಗೋಡೆಯ ಮೇಲಿನ ಕರೆಂಟಿನ ತೂತಲ್ಲ. ಒಂದು ತಂತ್ರಾಂಶಕ್ಕೂ ಜಾಲಕ್ಕೂ ನಡುವೆ ಇರುವ ಅಂಚೆಗೂಡು ಎಂದು ತಿಳಿದರೆ ಸಾಕು. ಗೂಡಿಗೆ ಕೆಳಗಿನಿಂದ ಹಾಕುವವನೊಬ್ಬ, ಮೇಲಿನಿಂದ ತೆಗೆಯುವವನೊಬ್ಬ. ಇಂದು ಸಾಧಾರಣ ಫೋನಿನ ಪ್ರೊಸೆಸರಿನಲ್ಲಿಯೂ ಎಂಟು ಕೋರ್‌ಗಳು ಇರುವುದುಂಟು. ಒಂದೊಂದು ಕೋರ್ ಒಂದೊಂದು ಕೆಲಸವನ್ನು ಅದೇ ಗಳಿಗೆಯಲ್ಲಿ ಮಾಡಬಲ್ಲದು. ಹಾಕುವ ಕೈಯೂ ತೆಗೆಯುವ ಕೈಯೂ ಒಟ್ಟಿಗೆ ಗೂಡಿನೊಳಗೆ ಹೋದರೆ ನಮ್ಮ ಡಬ್ಬಿಯ ಗತಿಯೇ.

ಅದಕ್ಕೆ ಲಾಕ್ ಹಾಕುತ್ತಾರೆ. ಲಾಕ್ ಎಂದರೆ ಬೀಗವೆಂದು ಎಲ್ಲರೂ ಕನ್ನಡಿಸುತ್ತಾರೆ. ನನಗೆ ಅದು ಸಮ್ಮತವಲ್ಲ. ಬೀಗ ಹಾಕುವುದು ಒಳಗೆ ಯಾರೂ ಇಲ್ಲದಿರುವಾಗ, ಹೊರಗಿನಿಂದ, ಕಳ್ಳನಿಗಾಗಿ. ಇಲ್ಲಿಯದು ಬಚ್ಚಲುಮನೆಯ ಚಿಲಕ: ಒಳಗೆ ಹೋದವನು ತಾನೇ ಹಾಕಿಕೊಳ್ಳುತ್ತಾನೆ, ಕೆಲಸ ಮುಗಿದೊಡನೆ ತಾನೇ ತೆಗೆಯುತ್ತಾನೆ, ಹೊರಗಿರುವವರು ಮನೆಯವರೇ. ಆದರೆ ನಮ್ಮ ಬಚ್ಚಲಿಗೂ ಕರ್ನಲ್ಲಿಗೂ ಒಂದು ವ್ಯತ್ಯಾಸವುಂಟು, ಅದು ಎದೆ ಝಲ್ಲೆನಿಸುವಂಥದು. ಕರ್ನಲ್ಲಿನ ಕೋಣೆಗೆ ಗೋಡೆಯೇ ಇಲ್ಲ. ಬಯಲಿನಲ್ಲಿ ಚಿಲಕ ಮಾತ್ರ ನಿಂತಿದೆ. ಚಿಲಕ ಹಾಕಿದ್ದರೆ ಒಳಗೆ ಹೋಗಬಾರದೆಂಬುದು ಬರಿಯ ಒಡಂಬಡಿಕೆ. ಬರೆಯುವವನು ಒಂದೇ ಒಂದು ಕಡೆ ಚಿಲಕವನ್ನು ನೋಡುವುದನ್ನು ಮರೆತರೂ ಆ ದಾರಿಯಿಂದ ಬಂದವನು ನೇರವಾಗಿ ಒಳಗೆ ನಡೆದುಬಿಡುತ್ತಾನೆ.

"ಸರಿ, ಇಬ್ಬರೂ ಒಂದೇ ಗಳಿಗೆಯಲ್ಲಿ ಚಿಲಕ ತೆರೆದಿದೆಯೆಂದು ನೋಡಿ ಇಬ್ಬರೂ ಒಳಗೆ ಬಂದರೆ?" ಎಂದು ನಾನು ಕೇಳಿದೆ. ಭಾವಮೈದನಿಗೆ ಸಂತೋಷವಾಯಿತು, ಎಲ್ಲರೂ ಕೇಳಬೇಕಾದ ಪ್ರಶ್ನೆಯಂತೆ ಅದು. ನೋಡುವುದು, ಹಾಕುವುದು ಎರಡಾಗಿದ್ದರೆ ಚಿಲಕವೇ ಮೋಸಹೋಗುತ್ತದೆ. ಆದುದರಿಂದ ಪ್ರೊಸೆಸರಿನ ಒಳಗೇ ಅವೆರಡನ್ನೂ ಒಂದಾಗಿ ಮಾಡುವ ಅಪ್ಪಣೆಯೊಂದನ್ನು ಇಟ್ಟಿರುತ್ತಾರೆ. 1964ರಲ್ಲಿ ಐಬಿಎಂ ಕಂಪೆನಿ ಪ್ರಕಟಿಸಿದ ಸಿಸ್ಟಂ 360 ಯಂತ್ರಗಳಲ್ಲಿಯೇ ಇಂಥದೊಂದಿತ್ತು. ಮಾವನವರ ಯಂತ್ರದಲ್ಲಿ ಗುಂಡು ಹೊರಗೆ ಬರುವುದೂ ಉಳಿದವು ಬಂಧಿತವಾಗುವುದೂ ಒಂದೇ ಕ್ರಿಯೆಯಲ್ಲವೆ, ಹಾಗೆ. ಈ ಹೋಲಿಕೆ ನನ್ನ ಕಲ್ಪನೆಯೆಂದು ಬೀಗುವಂತಿಲ್ಲ. ಡೈಕ್‌ಸ್ಟ್ರಾ ಎಂಬ ಹಾಲೆಂಡಿನ ವಿದ್ವಾಂಸರು 1965ರಲ್ಲಿ ಸುಮಾರು ಒಂದು ಪುಟದ ಲೇಖನದಲ್ಲಿ, ಹಲವು ಯಂತ್ರಗಳು ತಮ್ಮತಮ್ಮ ವೇಗದಲ್ಲಿ ಓಡುತ್ತಿರುವಾಗ ಒಂದು ಸಲಕ್ಕೆ ಒಂದೇ ಒಳಗಿರುವಂತೆ ಮಾಡುವುದು ಹೇಗೆಂದು ತೋರಿಸಿದರು. ಅದೇ ಕಾಲದಲ್ಲಿ ಅವರು ಕಂಡುಹಿಡಿದ ಇನ್ನೊಂದು ಉಪಾಯಕ್ಕೆ ಇಟ್ಟ ಹೆಸರು ಸೆಮಫೋರ್: ರೈಲ್ವೆಯ ಕೈಮರ.

ಕಾಯುವುದರಲ್ಲಿಯೂ ಎರಡು ಬಗೆ. ಚಿಲಕ ಹಾಕಿದ್ದರೆ ಹೋಗಿ ಮಲಗಿ, ಎಬ್ಬಿಸಿದಾಗ ಬರುವವನು ಒಬ್ಬ. ಬಾಗಿಲ ಮುಂದೆಯೇ ನಿಂತು "ಆಯಿತೆ? ಆಯಿತೆ?" ಎನ್ನುತ್ತಿರುವವನು ಇನ್ನೊಬ್ಬ, ಇದು ಸ್ಪಿನ್ ಲಾಕ್. ಎರಡನೆಯವನು ಕೋರ್‌ನ ಹೊತ್ತನ್ನು ಹಾಳುಮಾಡುತ್ತಾನೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಒಳಗಿನ ಕೆಲಸ ಕಣ್ಣೆವೆ ಇಕ್ಕುವುದರೊಳಗೆ ಮುಗಿಯುವಂಥದಾದರೆ ಹಾಸಿಗೆ ಬಿಡಿಸಿ ಸುತ್ತುವ ಶ್ರಮಕ್ಕಿಂತ ನಿಂತಿರುವುದೇ ಮೇಲು. ಅಲ್ಲದೆ ಕರೆಗಂಟೆಗೆ ಎದ್ದು ಪ್ಯಾಕೆಟ್ಟು ಹಿಡಿದು ಬಂದವನಿಗೆ ಮಲಗುವ ಅಧಿಕಾರವೇ ಇಲ್ಲ. ಅವನು ಮಲಗಿದರೆ ಹಿಂದಿನ ಪ್ಯಾಕೆಟ್ಟುಗಳನ್ನು ಯಾರು ನೋಡಬೇಕು? ಹಾಗಾದರೆ ಮೇಲಿನವನು ಸಾಕೆಟ್ಟನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರೆ ಕೆಳಗಿನವನ ಪಾಡೇನು? ಲಿನಕ್ಸ್ ಎಂಬ ಕರ್ನಲ್ಲಿನಲ್ಲಿ ಇದಕ್ಕೆ ಮಾಡಿರುವ ಏರ್ಪಾಟು ನನಗೆ ಬಹಳ ಮೆಚ್ಚುಗೆಯಾಯಿತು. ಬಾಗಿಲ ಬಳಿ ಬ್ಯಾಕ್‌ಲಾಗ್ ಎಂಬ ಒಂದು ಬುಟ್ಟಿ. ಪ್ಯಾಕೆಟ್ಟು ತಂದವನು ಅದನ್ನು ಬುಟ್ಟಿಯಲ್ಲಿ ಹಾಕಿ ಹಿಂದಿರುಗುತ್ತಾನೆ. ಒಳಗಿರುವವನು ಹೊರಗೆ ಬರುವ ಮುನ್ನ ಬುಟ್ಟಿಯಲ್ಲಿರುವುದನ್ನೆಲ್ಲ ತಾನೇ ವಿಲೇವಾರಿ ಮಾಡಿಯೇ ಬರಬೇಕು. ನಮ್ಮ ಕಚೇರಿಗಳಲ್ಲಿ ಈ ನಿಯಮವಿದ್ದಿದ್ದರೆ!

ಮೊದಲಿಂದ ಹೀಗೇನೂ ಇರಲಿಲ್ಲ. 1983ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಬಂದ ಯೂನಿಕ್ಸ್ ಆವೃತ್ತಿಯಲ್ಲಿ ಇಂದಿನ ಅಂತರ್ಜಾಲದ ಮೂಲ ನಿಯಮಗಳು ಅಡಕವಾಗಿದ್ದವು. ಅಂದಿನ ಸಾಧಾರಣ ಯಂತ್ರಕ್ಕೆ ಒಂದೇ ಪ್ರೊಸೆಸರ್. ಒಬ್ಬನೇ ಇರುವ ಮನೆ. ಒಳಗೆ ಸೂಕ್ಷ್ಮದ ಕೆಲಸ ಮಾಡುವಾಗ ಕರೆಗಂಟೆಯನ್ನು ಸ್ವಲ್ಪ ಹೊತ್ತು ತಡೆದಿಟ್ಟರೆ ಸಾಕಿತ್ತು. ಪ್ರೊಸೆಸರುಗಳು ಎರಡು, ನಾಲ್ಕು ಆದಾಗ ಆ ಉಪಾಯ ಕೆಟ್ಟಿತು. ನಾನು ಗಂಟೆ ನಿಲ್ಲಿಸಿದರೆ ಇನ್ನೊಬ್ಬನು ಹಿತ್ತಿಲ ಬಾಗಿಲಿನಿಂದ ಬರುತ್ತಾನೆ. ಆಗ ಇಡೀ ಮನೆಗೇ ಒಂದು ಚಿಲಕ ಹಾಕಿದರು. 1996ರ ಲಿನಕ್ಸ್ 2.0 ಇದ್ದುದು ಹಾಗೆಯೇ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಆ ಒಂದೇ ಚಿಲಕಕ್ಕೆ ಜೈಂಟ್, ಎಂದರೆ ದೈತ್ಯ, ಎಂದೇ ಹೆಸರಿಟ್ಟಿದ್ದರು. ಕ್ಷೇಮವೇನೋ ಹೌದು; ಆದರೆ ಒಬ್ಬನು ಬಚ್ಚಲಿಗೆ ಹೋದರೆ ಅಡಿಗೆ ನಿಲ್ಲಬೇಕು, ಪೂಜೆ ನಿಲ್ಲಬೇಕು! ಹಣ ಕೊಟ್ಟು ನಾಲ್ಕು ಪ್ರೊಸೆಸರ್ ತಂದು ಮೂರನ್ನು ಬಾಗಿಲಲ್ಲಿ ನಿಲ್ಲಿಸಿದಂತೆ. ದೈತ್ಯನನ್ನು ಹೊರಗೆ ಹಾಕಲು ವರ್ಷಗಳೇ ಹಿಡಿದವು. 2004ರ ಕೊನೆಗೆ ಬಂದ ಫ್ರೀಬಿಎಸ್‌ಡಿ 5.3ರಲ್ಲಿ ಜಾಲದ ಭಾಗವು ಅವನ ಹಂಗಿಲ್ಲದೆ ನಡೆಯಿತು. ಲಿನಕ್ಸ್‌ನ ಜಾಲಭಾಗ ಅದಕ್ಕೂ ಮೊದಲೇ ಬಿಡುಗಡೆ ಹೊಂದಿದ್ದರೂ, ದೊಡ್ಡ ಚಿಲಕವು ಕರ್ನಲ್ಲಿನಿಂದ ಪೂರ್ತಿ ಮರೆಯಾದುದು 2011ರಲ್ಲಿ.

ಚಿಲಕಗಳು ಸಣ್ಣವಾಗಿ ಸಂಖ್ಯೆ ಹೆಚ್ಚಿದಾಗ ಬೇರೊಂದು ಪೀಡೆ ಹುಟ್ಟಿತು. ಅತ್ತೆಯ ಕೈಯಲ್ಲಿ ಬೀರುವಿನ ಬೀಗದಕೈ, ಸೊಸೆಯ ಕೈಯಲ್ಲಿ ಪೆಟ್ಟಿಗೆಯದು. ಎರಡೂ ಬೇಕಾದ ಕೆಲಸಕ್ಕೆ ಇಬ್ಬರೂ ಹೊರಟು, "ನಿಮ್ಮದು ಕೊಟ್ಟರೆ ನನ್ನದು" ಎಂದು ಕುಳಿತರೆ ಆ ಮನೆಯಲ್ಲಿ ಸಂಜೆಯಾದರೂ ಏನೂ ನಡೆಯದು. ಪರಿಹಾರವೆಂದರೆ ಯಾವುದನ್ನು ಮೊದಲು ತೆಗೆದುಕೊಳ್ಳಬೇಕೆಂಬ ಕ್ರಮವೊಂದನ್ನು ಗೊತ್ತುಮಾಡಿ ಎಲ್ಲರೂ ಅದರಂತೆ ನಡೆಯುವುದು. 2006ರಿಂದ ಲಿನಕ್ಸ್‌ನಲ್ಲಿ ಈ ಕ್ರಮವನ್ನು ಕಾಯುವ ಒಬ್ಬ ಪರೀಕ್ಷಕನೂ ಇದ್ದಾನೆ. ಜಗಳ ನಡೆಯದಿದ್ದರೂ, ಕ್ರಮ ತಪ್ಪಿದುದು ಒಮ್ಮೆ ಕಣ್ಣಿಗೆ ಬಿದ್ದರೆ ಸಾಕು, ಮುಂದೆಂದಾದರೂ ಜಗಳವಾದೀತೆಂದು ಆಗಲೇ ಕೂಗುತ್ತಾನೆ.

ಇನ್ನು ಚಿಲಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಎರಡು ನಿಜ ಸಂಗತಿಗಳು. ಎರಡೂ ಲಿನಕ್ಸ್‌ನ ಜಾಲಭಾಗದವು.

ಹಾದುಹೋಗುವ ಪ್ಯಾಕೆಟ್ಟುಗಳನ್ನು ಇದ್ದ ಹಾಗೆಯೇ ನೋಡಲು ಒಂದು ಬಗೆಯ ಸಾಕೆಟ್ ಉಂಟು. ಪ್ಯಾಕೆಟ್ಟು ತುಂಬಲು ಅದಕ್ಕೊಂದು ಕಣಜ. ಕಣಜದ ಮಾದರಿ ಮೂರು. ಮೂರನೆಯದಕ್ಕೆ ಮಾತ್ರ ಅಲಾರಂ ಗಡಿಯಾರವೊಂದನ್ನು ಕಟ್ಟಬೇಕು, ಕಣಜ ಮುಚ್ಚುವಾಗ ಅದನ್ನು ಬಿಚ್ಚಬೇಕು. ಕಣಜ ಕಟ್ಟಿದ ಮೇಲೆ ಮಾದರಿಯನ್ನು ಬದಲಾಯಿಸಕೂಡದೆಂದು ನಿಯಮವೂ ಇತ್ತು, ಕಣಜವಿದೆಯೇ ಎಂದು ನೋಡುವ ಸಾಲೂ ಇತ್ತು. ಆದರೆ ಆ ನೋಟಕ್ಕೂ ಬದಲಾವಣೆಗೂ ನಡುವೆ ಚಿಲಕವಿರಲಿಲ್ಲ. ಒಂದು ಕೋರ್ ಮೂರನೆಯ ಮಾದರಿಯ ಕಣಜವನ್ನು ಕಟ್ಟುತ್ತಿರುವಾಗ ಇನ್ನೊಂದು ಕೋರ್ ಬಂದು, "ಕಣಜ ಇನ್ನೂ ಇಲ್ಲ" ಎಂದು ಕಂಡು, ಮಾದರಿಯನ್ನು ಒಂದನೆಯದೆಂದು ಬರೆದುಬಿಡಬಹುದಾಗಿತ್ತು. ಮುಂದೆ ಮುಚ್ಚುವವನು ಬಂದು ನೋಡುತ್ತಾನೆ: ಒಂದನೆಯ ಮಾದರಿ, ಗಡಿಯಾರ ಬಿಚ್ಚುವ ಗೋಜಿಲ್ಲ. ಜಾಗವನ್ನು ತೆರವು ಮಾಡಿ ಬೇರೆಯವರಿಗೆ ಕೊಡುತ್ತಾನೆ. ಅವರ ಮನೆಯೊಳಗೆ ಆಮೇಲೆ ಹಳೆಯ ಅಲಾರಂ ಹೊಡೆಯುತ್ತದೆ. ಆ ಜಾಗದಲ್ಲಿ ಬೇಕಾದುದನ್ನು ಮೊದಲೇ ತುಂಬಿಟ್ಟ ಕಿಡಿಗೇಡಿಯೊಬ್ಬನು, ಯಂತ್ರದಲ್ಲಿ ಸಾಮಾನ್ಯ ಬಳಕೆದಾರನಾಗಿದ್ದವನು, ಆ ಒಂದು ಹೊಡೆತದಲ್ಲಿ ಯಂತ್ರದ ಯಜಮಾನನೇ ಆಗಿಬಿಡಬಹುದು. 2011ರಲ್ಲಿ ಒಳಸೇರಿದ ಈ ತಪ್ಪನ್ನು ಫಿಲಿಪ್ ಪೆಟರ್ಸನ್ ಎಂಬುವರು 2016ರಲ್ಲಿ ಕಂಡುಹಿಡಿದರು. ಐದು ವರ್ಷ ಆ ಬಾಗಿಲು ತೆರೆದೇ ಇತ್ತು. ತಿದ್ದುಪಡಿಯೆಂದರೆ ಎರಡೂ ಕಡೆ ಅದೇ ಸಾಕೆಟ್ಟಿನ ಚಿಲಕವನ್ನು ಹಾಕಿದುದು.

ಎರಡನೆಯ ಸಂಗತಿಯಲ್ಲಿ ಚಿಲಕ ಇದ್ದಿತು! ಒಂದು ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳಿರುವಂತೆ ಭಾಸಮಾಡಿ ನಡೆಸುವುದುಂಟು. ಒಳಗಿನದಕ್ಕೂ ಹೊರಗಿನದಕ್ಕೂ ಮಾತುಕತೆ ನಡೆಸುವ ಸಾಕೆಟ್ಟಿನ ಕಥೆ ಇದು. 2019ರ ನವೆಂಬರಿನಲ್ಲಿ, ಈ ಮಾತುಕತೆಗೆ ಒಂದಕ್ಕಿಂತ ಹೆಚ್ಚು ಸಾಗಣೆದಾರರು ಇರಬಹುದೆಂದು ಬದಲಾವಣೆ ಮಾಡಿದರು. ಸಾಕೆಟ್ಟಿನ ಸಾಗಣೆದಾರ ಯಾರೆಂದು ಗುರುತು ಹಾಕಿಕೊಳ್ಳುವುದು ಒಂದು ಸಾಲು. ಚಿಲಕ ಹಾಕುವುದು ಅದರ ಕೆಳಗಿನ ಸಾಲು. ಗುರುತು ಹಾಕಿಕೊಂಡು ಚಿಲಕಕ್ಕೆ ಕೈಚಾಚುವಷ್ಟರಲ್ಲಿ ಇನ್ನೊಬ್ಬನು ಸಾಗಣೆದಾರನನ್ನೇ ಬದಲಾಯಿಸಿರಬಹುದು. ಒಳಗೆ ಬಂದವನು ಚಿಲಕವನ್ನು ಭದ್ರವಾಗಿ ಹಾಕಿಕೊಂಡು, ಕೈಯಲ್ಲಿರುವ ಹಳೆಯ ಗುರುತನ್ನು ನಂಬಿ, ಇಲ್ಲದ ಆಸಾಮಿಯ ಹತ್ತಿರ ಮಾತಿಗೆ ಹೋಗುತ್ತಾನೆ. ಅಲೆಕ್ಸಾಂಡರ್ ಪೊಪೊವ್ ಎಂಬ ರಷ್ಯದ ಸಂಶೋಧಕರು 2021ರ ಆರಂಭದಲ್ಲಿ ಒಂದೇ ಕಡತದೊಳಗೆ ಐದು ಕಡೆ ಈ ತಪ್ಪಿರುವುದನ್ನು ತೋರಿಸಿದರು. ಇದರಿಂದಲೂ ಯಂತ್ರದ ಯಜಮಾನಿಕೆಯನ್ನು ಕಸಿಯಬಹುದೆಂದು ಮಾಡಿಯೇ ತೋರಿಸಿದರು. ಅವರ ತಿದ್ದುಪಡಿಯಲ್ಲಿ ಹೊಸ ವಿದ್ಯೆಯೇನೂ ಇಲ್ಲ. ಗುರುತು ಹಾಕಿಕೊಳ್ಳುವ ಸಾಲನ್ನು ಚಿಲಕದ ಸಾಲಿನ ಕೆಳಕ್ಕೆ ಇಳಿಸಿದರು.

ಇಷ್ಟು ಕೇಳಿದ ಮೇಲೆ ಭಾವಮೈದನ ಒಂದು ಸಾಲು ನನಗೆ ಅರ್ಥವಾಯಿತು. ಅವನು ಹುಡುಕಿದ ತಪ್ಪೂ ಇದೇ ಜಾತಿಯದು. ಬೇರೊಂದು ಮೂಲೆಯಲ್ಲಿ ಇದ್ದುದು ಅಷ್ಟೆ.

"ಇಳಿಸಲು ಒಂದು ನಿಮಿಷ ಸಾಕಲ್ಲ. ಎರಡು ರಾತ್ರಿ ಏಕೆ?" ಎಂದೆ.

"ಎಲ್ಲಿಂದ ಇಳಿಸಬೇಕು ಅಂತ ಗೊತ್ತಾಗೋದಕ್ಕೆ ಭಾವ. ಸಾವಿರ ಸಲ ಓಡಿಸಿದರೂ ಸರಿಯಾಗೇ ಓಡುತ್ತೆ. ಏನಾಗ್ತಿದೆ ಅಂತ ನೋಡೋದಕ್ಕೆ ನಡುವೆ ಒಂದು ಸಾಲು ಸೇರಿಸಿದರೆ ಆ ಸಾಲಿನಿಂದಲೇ ಹೊತ್ತು ಸ್ವಲ್ಪ ಹೆಚ್ಚುಕಡಿಮೆ ಆಗಿ ತಪ್ಪು ಅಡಗಿಕೊಳ್ಳುತ್ತೆ."

ನಮ್ಮ ಡಬ್ಬಿಯ ಮುಂದೆ ನಾನು ಕಾವಲು ಕುಳಿತಿದ್ದರೆ ಐದು ನೂರು ತಪ್ಪುತ್ತಲೇ ಇರಲಿಲ್ಲವಷ್ಟೆ. ಅದಕ್ಕೇ ಅವನು ಒಂದು ಯಂತ್ರದಲ್ಲಿ ಎರಡು ಕೆಲಸಗಳನ್ನು ಬೇಕೆಂದೇ ಒಂದರ ಮೇಲೊಂದು ನುಗ್ಗಿಸುತ್ತ, ರಾತ್ರಿಯಿಡೀ ಲಕ್ಷಾಂತರ ಸಲ ಓಡಿಸಿದ್ದನಂತೆ. ಸಾಲು ಇಳಿಸುವ ಮುಂಚೆ ರಾತ್ರಿಗೆ ಮೂರು ಬಾರಿ ಯಂತ್ರ ಕುಸಿದಿತ್ತು. ಇಳಿಸಿದ ಮೇಲೆ ಆ ರಾತ್ರಿ ಒಂದು ಬಾರಿಯೂ ಕುಸಿಯಲಿಲ್ಲ.

"ಹಾಗಾದರೆ ಸರಿಹೋಯಿತು" ಎಂದೆ.

"ಇನ್ನೂ ಎರಡು ರಾತ್ರಿ ಓಡಲಿ" ಎಂದನು. ಅಕ್ಕ ಕೊಟ್ಟ ಕಾಫಿಯನ್ನು ಕುಡಿದು, ಯಂತ್ರವನ್ನು ಹಾಗೆಯೇ ಓಡಲು ಬಿಟ್ಟು ಹೋಗಿ ಮಲಗಿದನು.